ಹಾಯಿಹಡಗು ಬಂದಾಗ ಬಲ್ಲಾರ್ಡ್ ಪಿಯರ್‌ಗೆ ಹೋಗುವವರಿಗೆ

ಮುಂಬೈ ಬಂದರಿನ ಬಲ್ಲಾರ್ಡ್ ಪಿಯರ್ ಧಕ್ಕೆಗೆ ಬಂದ ಹಾಯಿಹಡಗನ್ನು ನೋಡಲು ಭಾನುವಾರ ಹೋಗಬೇಡಿ. ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ ಇರುತ್ತದೆ, ಡೊಂಬಿವಲಿಯಿಂದ ಸಿಎಸ್‌ಎಂಟಿ ತಲುಪುವಷ್ಟರಲ್ಲಿ ಮಕ್ಕಳು ಹಸಿದು ರಗಳೆ ಶುರುಮಾಡಿರುತ್ತಾರೆ, ಬಂದರಿನ ಗೇಟಿನ ಮುಂದೆ ಅರ್ಧ ಮುಂಬೈ ನಿಂತಿರುತ್ತದೆ. ಕೊನೆಗೂ ಡೆಕ್ ಹತ್ತಿದರೆ ಮುಂದಿನವರ ಬೆನ್ನು ನೋಡುತ್ತಾ ಒಂದು ಸುತ್ತು ಹಾಕಿ ಇಳಿಯುವುದಷ್ಟೇ ಭಾಗ್ಯ. ಒಂದು ದಿನ ರಜೆ ಹಾಕಿ, ವಾರದ ನಡುವೆ ಹೋಗಿ. ಮಕ್ಕಳ ಶಾಲೆ ಒಂದು ದಿನ ತಪ್ಪಿದರೆ ಯಾರೂ ಫೇಲಾಗುವುದಿಲ್ಲ.

ನಾನು ಬಲ್ಲಾರ್ಡ್ ಎಸ್ಟೇಟಿನ ಒಂದು ಶಿಪ್ಪಿಂಗ್ ಏಜೆಂಟರ ಕಚೇರಿಯಲ್ಲಿ ಹಡಗುಗಳ ಕಾಗದಪತ್ರ ನೋಡಿಕೊಂಡು ನಿವೃತ್ತಳಾದವಳು. ಊರು ಗಂಗೊಳ್ಳಿ. ಅಜ್ಜ ಮಂಜಿಯಲ್ಲಿ, ಎಂದರೆ ಸರಕು ಸಾಗಿಸುವ ಹಾಯಿನೌಕೆಯಲ್ಲಿ, ತಂಡೇಲರಾಗಿದ್ದರು, ಅಂದರೆ ನೌಕೆ ನಡೆಸುವ ಮುಖ್ಯಸ್ಥರು. ಮಂಗಳೂರು ಹೆಂಚು ತುಂಬಿಸಿಕೊಂಡು ಇದೇ ಮುಂಬೈಗೆ ಬರುತ್ತಿದ್ದರು. ಹೀಗಾಗಿ ಬಂದರಿಗೆ ಹಾಯಿಹಡಗು ಬರುತ್ತದೆ ಎಂದು ಸುದ್ದಿಯಾದರೆ ನಮ್ಮ ಕಟ್ಟಡದವರಿಂದ ಹಿಡಿದು ಮಾಟುಂಗದ ಮೈಸೂರು ಅಸೋಸಿಯೇಶನ್‌ನಲ್ಲಿ ಸಿಗುವ ಪರಿಚಿತರವರೆಗೆ ಎಲ್ಲರೂ ನನಗೆ ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೂ ಹೇಳಿದ್ದನ್ನೇ ಹೇಳುವ ಬದಲು ಬರೆದೇ ಬಿಡುತ್ತಿದ್ದೇನೆ.

ಮೊದಲನೆಯದು, ಯಾವ ಹಡಗು, ಯಾವಾಗ. ಇಂದು ದೊಡ್ಡ ಹಾಯಿಹಡಗುಗಳಲ್ಲಿ ಹೆಚ್ಚಿನವು ನೌಕಾಪಡೆಗಳ ತರಬೇತಿ ಹಡಗುಗಳು. ಸರಕು ಸಾಗಿಸುವ ಕಾಲ ಮುಗಿದ ಮೇಲೆಯೂ ಗಾಳಿ, ನೀರು, ಹಗ್ಗಗಳ ಜೊತೆ ಕೈಯಾರೆ ಗುದ್ದಾಡದ ಹುಡುಗರು ನಾವಿಕರಾಗುವುದಿಲ್ಲ ಎಂದು ನಂಬಿದ ದೇಶಗಳು ಇವುಗಳನ್ನು ಇಟ್ಟುಕೊಂಡಿವೆ. ನಮ್ಮಲ್ಲಿ ಐಎನ್‌ಎಸ್ ತರಂಗಿಣಿ ಮತ್ತು ಐಎನ್‌ಎಸ್ ಸುದರ್ಶಿನಿ ಇವೆ. ಎರಡನ್ನೂ ಕಟ್ಟಿದ್ದು ವಾಸ್ಕೋದ ಗೋವಾ ಶಿಪ್‌ಯಾರ್ಡ್‌ನಲ್ಲಿ. ತರಂಗಿಣಿ 1997ರಲ್ಲಿ, ಸುದರ್ಶಿನಿ 2012ರಲ್ಲಿ ನೌಕಾಪಡೆಗೆ ಸೇರಿದವು; ಎರಡರ ನೆಲೆಯೂ ಕೊಚ್ಚಿ. ಹೊರದೇಶದವುಗಳಲ್ಲಿ ಈಚೆಗೆ ಇಲ್ಲಿ ಭಾರೀ ಸದ್ದು ಮಾಡಿದ್ದು ಇಟಲಿಯ ಅಮೆರಿಗೊ ವೆಸ್ಪುಚ್ಚಿ. 1931ರಲ್ಲಿ ನೀರಿಗಿಳಿದ ಈ ಹಡಗು ತನ್ನ ವಿಶ್ವಪರ್ಯಟನೆಯಲ್ಲಿ 2024ರ ನವೆಂಬರ್ ಕೊನೆಗೆ ಮುಂಬೈಗೆ ಬಂದಿತ್ತು.

ನವೆಂಬರ್ ಎಂಬುದು ಕಾಕತಾಳೀಯವಲ್ಲ. ಅರಬ್ಬಿ ಸಮುದ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರ ಮಾತನ್ನೂ ಕೇಳುವುದಿಲ್ಲ. ಅಜ್ಜನ ಮಂಜಿಯೂ ಮಳೆಗಾಲದಲ್ಲಿ ದಡ ಸೇರುತ್ತಿತ್ತು. ಆದ್ದರಿಂದ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಿವಿ ತೆರೆದಿಡಿ, ಉಳಿದ ತಿಂಗಳು ನೆಮ್ಮದಿಯಾಗಿರಿ. ಇಂಥ ಯಾನಗಳ ವೇಳಾಪಟ್ಟಿ ತಿಂಗಳುಗಟ್ಟಲೆ ಮೊದಲೇ ಪ್ರಕಟವಾಗಿರುತ್ತದೆ. ಆಯಾ ದೇಶದ ರಾಯಭಾರ ಕಚೇರಿ, ಮುಂಬೈಯಲ್ಲಿರುವ ಕಾನ್ಸುಲೇಟ್, ನಮ್ಮ ನೌಕಾಪಡೆ ಇವರ ಸಾಮಾಜಿಕ ಜಾಲತಾಣದ ಪುಟಗಳನ್ನು ನೋಡುತ್ತಿರಿ. ಪತ್ರಿಕೆಯಲ್ಲಿ ಸುದ್ದಿ ಬರುವುದು ಹಡಗು ಬಂದ ಮರುದಿನ. ಅಷ್ಟು ಹೊತ್ತಿಗೆ ಹತ್ತಿ ನೋಡುವ ಸರದಿಗಳೆಲ್ಲ ಭರ್ತಿಯಾಗಿರುತ್ತವೆ.

ಮೊಬೈಲ್‌ನಲ್ಲಿ ಮರೀನ್‌ಟ್ರಾಫಿಕ್ ಅಥವಾ ವೆಸೆಲ್‌ಫೈಂಡರ್ ಹಾಕಿಕೊಳ್ಳಿ. ಹಡಗುಗಳು ತಾವಿರುವ ಜಾಗವನ್ನು ರೇಡಿಯೋ ಮೂಲಕ ಬಿತ್ತರಿಸುತ್ತಲೇ ಇರುತ್ತವೆ, ಈ ಆ್ಯಪ್‌ಗಳು ಅದನ್ನು ಹಿಡಿದು ನಕಾಶೆಯ ಮೇಲೆ ತೋರಿಸುತ್ತವೆ. ಹಡಗಿನ ಹೆಸರು ಹಾಕಿ ಹುಡುಕಿದರೆ ಸಾಕು. ಆದರೆ ಅಲ್ಲಿ ಕಾಣುವ ಇಟಿಎ, ಅಂದರೆ ತಲುಪುವ ಅಂದಾಜು ಸಮಯವನ್ನು ವೇದವಾಕ್ಯ ಎಂದುಕೊಳ್ಳಬೇಡಿ. ಅದನ್ನು ಹಡಗಿನಲ್ಲಿ ಯಾರೋ ಒಬ್ಬರು ಕೈಯಿಂದ ತುಂಬಿಸಿರುತ್ತಾರೆ, ಹಿಂದಿನ ಬಂದರಿನದ್ದನ್ನು ಅಳಿಸಲು ಮರೆತಿರುವುದೂ ಉಂಟು. ಹಡಗು ಎಲ್ಲಿದೆ, ಎಷ್ಟು ವೇಗದಲ್ಲಿ ಬರುತ್ತಿದೆ ಎಂಬ ಎರಡನ್ನು ಮಾತ್ರ ನಂಬಿ, ಲೆಕ್ಕ ನೀವೇ ಹಾಕಿಕೊಳ್ಳಿ. ಯುದ್ಧನೌಕೆಗಳು ಬೇಕೆಂದಾಗ ಈ ಬಿತ್ತರವನ್ನು ನಿಲ್ಲಿಸಿಬಿಡುತ್ತವೆ ಎಂಬುದೂ ತಿಳಿದಿರಲಿ.

ಈಗ ಗೇಟಿನ ವಿಷಯ. ಮುಂಬೈ ಬಂದರಿಗೆ ಗ್ರೀನ್ ಗೇಟ್, ಯೆಲ್ಲೋ ಗೇಟ್ ಎಂದು ಬಣ್ಣದ ಹೆಸರಿನ ಬಾಗಿಲುಗಳಿವೆ, ಒಂದಕ್ಕೂ ಇನ್ನೊಂದಕ್ಕೂ ನಡೆಯುವ ದೂರ ಸಣ್ಣದಲ್ಲ. ನೌಕಾಪಡೆಯ ಗೋದಿಯ, ಅಂದರೆ ಡಾಕ್‌ಯಾರ್ಡಿನ, ಬಾಗಿಲುಗಳು ಇನ್ನೂ ಬೇರೆ, ಅಲ್ಲಿ ನಿಮ್ಮನ್ನು ಮಾತಾಡಿಸುವವರೂ ಇರುವುದಿಲ್ಲ. ಟ್ಯಾಕ್ಸಿಯವನಿಗೆ ಬರೀ ‘ಡಾಕ್’ ಎಂದರೆ ಅವನು ತನಗೆ ಗೊತ್ತಿರುವ ಡಾಕ್‌ಗೆ, ಹೆಚ್ಚಾಗಿ ಫೆರಿ ದೋಣಿಗಳ ಭಾವೂಚಾ ಧಕ್ಕಾಕ್ಕೆ, ಕರೆದೊಯ್ಯುತ್ತಾನೆ. ಪ್ರವೇಶಪತ್ರದಲ್ಲಿ ಯಾವ ಗೇಟ್ ಎಂದು ಬರೆದಿದೆಯೋ ಅದನ್ನೇ ಹೇಳಿ. ಸಿಎಸ್‌ಎಂಟಿಯಿಂದ ಬಲ್ಲಾರ್ಡ್ ಎಸ್ಟೇಟಿಗೆ ನಡೆದೇ ಹೋಗಬಹುದು. ಕಾಲಿಗೆ ಶಕ್ತಿಯಿದ್ದವರು ನಡೆಯಿರಿ. ಜಾರ್ಜ್ ವಿಟೆಟ್ ವಿನ್ಯಾಸಗೊಳಿಸಿದ ಆ ಬೀದಿಗಳು ಮುಂಬೈಯಲ್ಲೇ ನನಗೆ ಬಹಳ ಇಷ್ಟವಾದವು. ಗೇಟ್‌ವೇ ಆಫ್ ಇಂಡಿಯಾ ಕೂಡ ಅವನದೇ. ಬಲ್ಲಾರ್ಡ್ ಎಸ್ಟೇಟಿನ ನೆಲವೇ ಸಮುದ್ರದಿಂದ ಕಸಿದುಕೊಂಡದ್ದು: 1914ರಲ್ಲಿ ಬಳಕೆಗೆ ತೆರೆದ ಅಲೆಕ್ಸಾಂಡ್ರಾ ಡಾಕ್, ಅಂದರೆ ಈಗಿನ ಇಂದಿರಾ ಡಾಕ್ ಅಗೆದಾಗ ಬಂದ ಮಣ್ಣನ್ನು ಸುರಿದು ಮಾಡಿದ ಜಾಗ. ನನ್ನ ಯಜಮಾನರು ಇಲ್ಲಿಯದೇ ಒಂದು ಕ್ಯಾಂಟೀನಿನಲ್ಲಿ ಹಗಲು ಕೆಲಸ ಮಾಡಿ, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದವರು. ಅವರ ಜೊತೆ ಬಂದರೆ ಪ್ರತಿ ಕಟ್ಟಡದ ಮುಂದೆಯೂ ಒಂದು ಕಥೆ ಕೇಳಬೇಕಾಗುತ್ತದೆ, ಹಾಗಾಗಿ ಅರ್ಧ ಗಂಟೆ ಮೊದಲೇ ಹೊರಡುತ್ತೇನೆ.

ಮುಂಗಡವಾಗಿ ಆನ್‌ಲೈನ್‌ನಲ್ಲಿ ಸಮಯ ಕಾಯ್ದಿರಿಸಬೇಕಾಗಿದ್ದರೆ ಮನೆಯ ಎಲ್ಲರ ಹೆಸರನ್ನೂ ಗುರುತಿನ ಚೀಟಿಯಲ್ಲಿ ಇರುವಂತೆಯೇ ತುಂಬಿಸಿ. ನಮ್ಮವರ ದೊಡ್ಡ ತೊಂದರೆ ಇದೇ: ಆಧಾರ್‌ನಲ್ಲಿ ‘ಸುಬ್ರಹ್ಮಣ್ಯ’, ಅರ್ಜಿಯಲ್ಲಿ ‘ಮಣಿ’. ಗೇಟಿನಲ್ಲಿ ನಿಂತ ಭದ್ರತಾ ಸಿಬ್ಬಂದಿಗೆ ನಿಮ್ಮ ಮುದ್ದಿನ ಹೆಸರು ಬೇಕಾಗಿಲ್ಲ. ಮೂಲ ಗುರುತಿನ ಚೀಟಿ ಕೈಯಲ್ಲಿರಲಿ. ದೊಡ್ಡ ಚೀಲ ಬೇಡ. ಗೇಟಿನಿಂದ ಹಡಗಿನ ಬುಡದವರೆಗೆ ಫೋಟೋ ತೆಗೆಯಬೇಡಿ. ಹಡಗು ಹತ್ತಿದ ಮೇಲೆ ಅವರು ಹೇಳಿದ ಕಡೆ ಬೇಕಾದಷ್ಟು ತೆಗೆಯಿರಿ, ಆದರೆ ಪಕ್ಕದಲ್ಲಿ ಯುದ್ಧನೌಕೆ ನಿಂತಿದ್ದರೆ ಮೊಬೈಲನ್ನು ಆ ಕಡೆ ತಿರುಗಿಸಬೇಡಿ.

ಉಡುಪು. ಸೀರೆಯುಟ್ಟು ಹೋಗಬಹುದು, ನಾನು ಹೋಗಿದ್ದೇನೆ, ಆದರೆ ಸೆರಗಿಗೆ ಪಿನ್ ಹಾಕಿ. ಡೆಕ್ ಮೇಲಿನ ಗಾಳಿಗೆ ಮರ್ಯಾದೆ ಗೊತ್ತಿಲ್ಲ. ಹೀಲ್ಸ್ ಖಂಡಿತ ಬೇಡ. ಗ್ಯಾಂಗ್‌ವೇ, ಎಂದರೆ ದಡದಿಂದ ಹಡಗಿಗೆ ಹಾಕಿದ ಏಣಿಸೇತುವೆ, ಎಷ್ಟು ಕಡಿದಾಗಿರುತ್ತದೆ ಎಂಬುದು ಭರತ ಇಳಿತಗಳನ್ನು ಅವಲಂಬಿಸಿದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಮುಂಬೈ ಬಂದರಿನ ನೀರು ನಾಲ್ಕು ಮೀಟರಿನಷ್ಟು ಏರಿ ಇಳಿಯುತ್ತದೆ, ಆ ದಿನಗಳಲ್ಲಿ ಭರತ ಬರುವುದು ನಡುಮಧ್ಯಾಹ್ನದ ಹೊತ್ತಿಗೆ. ಗೋದಿಯ ಬಾಗಿಲು ಹಾಕಿ ನೀರನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಒಳ ಡಾಕ್‌ನಲ್ಲಿ ಹಡಗು ನಿಂತಿದ್ದರೆ ಈ ತಲೆನೋವಿಲ್ಲ. ಹೊರಗೋಡೆಗೆ ನಿಂತಿದ್ದರೆ ಇದೆ. ಮೊಣಕಾಲು ನೋವಿನ ಹಿರಿಯರನ್ನು ಕರೆದೊಯ್ಯುವವರು ಪಂಚಾಂಗ ನೋಡಿಯೇ ದಿನ ಆರಿಸಿ. ಶೌಚಾಲಯದ ಕೆಲಸವನ್ನು ಸ್ಟೇಷನ್ನಿನಲ್ಲೋ ಹೋಟೆಲಿನಲ್ಲೋ ಮುಗಿಸಿಕೊಳ್ಳಿ. ತಿಂಡಿಯನ್ನೂ ಅಲ್ಲೇ ತಿನ್ನಿ, ಫೋರ್ಟಿನಲ್ಲಿ ಉಡುಪಿಯವರ ಹೋಟೆಲುಗಳಿಗೆ ಬರವಿಲ್ಲ.

ಹಡಗಿನ ಬುಡದಲ್ಲಿ ನಿಂತ ಕೂಡಲೇ ಒಂದು ನಿರಾಸೆ ಕಾದಿರುತ್ತದೆ, ಅದನ್ನು ಮಕ್ಕಳಿಗೆ ಮೊದಲೇ ಹೇಳಿ ಕರೆದೊಯ್ಯಿರಿ. ನಮ್ಮ ಕಟ್ಟಡದ ಹುಡುಗನೊಬ್ಬ ಕತ್ತು ನೋಯುವಷ್ಟು ಮೇಲೆ ನೋಡಿ, “ಹಾಯಿಯೇ ಇಲ್ಲವಲ್ಲ ದೊಡ್ಡಮ್ಮ!” ಎಂದು ಅಲ್ಲೇ ಮುಖ ಊದಿಸಿಕೊಂಡಿದ್ದ. ಬಂದರಿನಲ್ಲಿ ಹಾಯಿ ಬಿಚ್ಚಿರುವುದಿಲ್ಲ. ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಬಂದರಿನ ಪೈಲಟ್ ಹತ್ತಿಕೊಂಡು, ಟಗ್ ದೋಣಿಗಳ ಕಾವಲಿನಲ್ಲಿ, ಎಂಜಿನ್ ಬಲದಿಂದಲೇ ಚಲಿಸುವುದು. ಹಾಯಿಯೆಲ್ಲ ಅಡ್ಡಮರಗಳಿಗೆ ಸುತ್ತಿ ಕಟ್ಟಿರುತ್ತದೆ. ಪೋಸ್ಟರಿನ ಚಿತ್ರ ನಡುಕಡಲಿನದು.

ಹಾಗಾದರೆ ನೋಡುವುದೇನು? ಮೊದಲು ಕಂಬಗಳನ್ನು ಎಣಿಸಿ, ಆಮೇಲೆ ಹಿಂದಿನ ಕಂಬವನ್ನು ನೋಡಿ. ತರಂಗಿಣಿಗೂ ವೆಸ್ಪುಚ್ಚಿಗೂ ಮೂರು ಮೂರು ಹಾಯಿಕಂಬಗಳು. ಆದರೆ ತರಂಗಿಣಿಯಲ್ಲಿ ಮುಂದಿನ ಎರಡು ಕಂಬಗಳಿಗೆ ಮಾತ್ರ ಅಡ್ಡಮರಗಳಿದ್ದು ಚೌಕ ಹಾಯಿ ಬರುತ್ತವೆ, ಹಿಂದಿನದರ ಹಾಯಿ ಹಡಗಿನ ಉದ್ದಕ್ಕೆ ಇರುತ್ತದೆ. ಇಂಥದ್ದನ್ನು ಬಾರ್ಕ್ ಎನ್ನುತ್ತಾರೆ. ವೆಸ್ಪುಚ್ಚಿಯಲ್ಲಿ ಮೂರಕ್ಕೂ ಅಡ್ಡಮರಗಳಿವೆ. ಗಾತ್ರದ ಅಂದಾಜಿಗೆ ಹೇಳುವುದಾದರೆ, ತರಂಗಿಣಿಯ ಇಡೀ ಉದ್ದ 54 ಮೀಟರ್, ವೆಸ್ಪುಚ್ಚಿಯ ನಡುಗಂಬದ ಎತ್ತರವೂ 54 ಮೀಟರ್. ಗೇಟ್‌ವೇ ಆಫ್ ಇಂಡಿಯಾದ ಎತ್ತರ 26 ಮೀಟರ್ ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ವೆಸ್ಪುಚ್ಚಿಯ ಕಪ್ಪು ಮೈಮೇಲೆ ಎರಡು ಬಿಳಿ ಪಟ್ಟಿಗಳಿವೆ, ಹಳೆಯ ಯುದ್ಧನೌಕೆಗಳಲ್ಲಿ ಫಿರಂಗಿ ಸಾಲುಗಳು ಇರುತ್ತಿದ್ದ ಜಾಗದ ನೆನಪಿಗೆ. ಫಿರಂಗಿ ಹುಡುಕಬೇಡಿ, ಅದು ಬಣ್ಣ ಅಷ್ಟೇ. ಮೈ ಉಕ್ಕಿನದು.

ಡೆಕ್ ಹತ್ತಿದವರೆಲ್ಲ ನೇರವಾಗಿ ಚುಕ್ಕಾಣಿ ಚಕ್ರದ ಕಡೆಗೆ ಓಡುತ್ತಾರೆ, ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಸಾಲು ಉದ್ದವಿರುತ್ತದೆ, ನೋಡಲು ಹೆಚ್ಚೇನೂ ಇರುವುದಿಲ್ಲ. ವೆಸ್ಪುಚ್ಚಿಯ ಚಕ್ರ ಮಾತ್ರ ಇದಕ್ಕೆ ಹೊರತು: ಒಂದರ ಹಿಂದೆ ಒಂದು ನಾಲ್ಕು ಚಕ್ರ, ಪ್ರತಿ ಚಕ್ರಕ್ಕೆ ಇಬ್ಬರಂತೆ ಎಂಟು ಜನ ಸೇರಿ ಚುಕ್ಕಾಣಿ ತಿರುಗಿಸುವ ವ್ಯವಸ್ಥೆ. ಉಳಿದ ಹಡಗುಗಳಲ್ಲಿ ನೀವು ಡೆಕ್ಕಿನ ಅಂಚಿಗೆ ಹೋಗಿ, ಕಂಬದ ಬುಡಕ್ಕೆ ಹೋಗಿ. ಅಲ್ಲಿ ಗೂಟಗಳ ಸಾಲು ಕಾಣುತ್ತದೆ, ಪ್ರತಿ ಗೂಟಕ್ಕೂ ಒಂದು ಹಗ್ಗ ಸುತ್ತಿ, ಉಳಿಕೆಯನ್ನು ಸುರುಳಿ ಮಾಡಿ ನೇತುಹಾಕಿರುತ್ತಾರೆ. ನೋಡಿದರೆ ಗೊಂದಲ. ಆದರೆ ಯಾವ ಹಗ್ಗಕ್ಕೆ ಯಾವ ಗೂಟ ಎಂಬುದು ಹುಟ್ಟಿದ ಲಾಗಾಯ್ತು ನಿಗದಿಯಾಗಿದೆ. ಕರೆಂಟು ಹೋದಾಗಲೂ ನಮ್ಮ ಕೈ ಸಾಸಿವೆ ಡಬ್ಬಿಗೇ ಹೋಗುತ್ತದಲ್ಲ, ಹಾಗೆ ಅಮಾವಾಸ್ಯೆಯ ರಾತ್ರಿಯ ಬಿರುಗಾಳಿಯಲ್ಲೂ ನಾವಿಕನ ಕೈ ಸರಿಯಾದ ಹಗ್ಗಕ್ಕೇ ಹೋಗಬೇಕು. ತಪ್ಪು ಹಗ್ಗ ಬಿಚ್ಚಿದರೆ ಮೇಲೆ ಅಡ್ಡಮರದ ಮೇಲೆ ನಿಂತವನ ಜೀವಕ್ಕೆ ಸಂಚಕಾರ.

ಒಂದು ಹಗ್ಗವನ್ನು ಆರಿಸಿಕೊಳ್ಳಿ, ಅದು ಗೂಟದಿಂದ ಹೊರಟು ಯಾವ ರಾಟೆಯಲ್ಲಿ ನುಸುಳಿ, ಎಲ್ಲಿ ತಿರುಗಿ, ಕೊನೆಗೆ ಏನನ್ನು ಎಳೆಯುತ್ತದೆ ಎಂದು ಕಣ್ಣಿನಲ್ಲೇ ಹಿಂಬಾಲಿಸಿ. ಮಕ್ಕಳಿಗೆ ಇದೊಂದು ಪಂದ್ಯ ಮಾಡಿಬಿಡಿ. ಅಡ್ಡಮರವನ್ನು ಮೇಲಕ್ಕೆತ್ತುವ ಹಗ್ಗ, ಅದರ ತುದಿಯನ್ನು ಹಿಂದೆ ಮುಂದೆ ತಿರುಗಿಸುವ ಹಗ್ಗ, ಹಾಯಿಯ ಕೆಳಮೂಲೆಯನ್ನು ಎಳೆದು ಹಿಡಿಯುವ ಹಗ್ಗ, ಹಾಯಿಯನ್ನು ಮಡಚಿ ಮೇಲಕ್ಕೆ ಸೆಳೆಯುವ ಹಗ್ಗ: ಈ ನಾಲ್ಕು ಸಿಕ್ಕಿದರೆ ಹಡಗು ಅರ್ಥವಾದಂತೆ. ಹಗ್ಗ ಯಾವುದರಿಂದ ಮಾಡಿದ್ದು ಎಂದು ಬಗ್ಗಿ ನೋಡಿ. ವೆಸ್ಪುಚ್ಚಿಯವರು ಹಟ ಹಿಡಿದು ಇಂದಿಗೂ ನಾರಿನ ಹಗ್ಗ, ಕ್ಯಾನ್ವಾಸ್ ಹಾಯಿಗಳನ್ನೇ ಬಳಸುತ್ತಾರೆ. ದಡಕ್ಕೆ ಕಟ್ಟುವ ಹಗ್ಗ ಮಾತ್ರ ಬಂದರುಗಳ ನಿಯಮಕ್ಕಾಗಿ ಸಿಂಥೆಟಿಕ್.

ಕರಾವಳಿಯವರಿಗೆ ಇನ್ನೊಂದು ಮಾತು. ನಮ್ಮ ಮಂಜಿಯ ಹಾಯಿ ಚೌಕವಲ್ಲ. ಉದ್ದನೆಯ ಓರೆ ಮರಕ್ಕೆ ಕಟ್ಟಿದ ತ್ರಿಕೋನದಂಥ ಹಾಯಿ. ಗಾಳಿ ಬೇರೆ ಬದಿಗೆ ಬೇಕೆಂದರೆ ಆ ಮರವನ್ನೇ ಕಂಬದ ಸುತ್ತ ಒಯ್ದು ಆಚೆ ಬದಿಗೆ ಹಾಕಬೇಕಿತ್ತು. ಅದು ಎಲ್ಲ ಖಲಾಸಿಗಳ ಕೆಲಸ, ಅಜ್ಜ ಆಗ ಯಾರ ಮೇಲೆ ಕೂಗಾಡುತ್ತಿದ್ದರೋ ಅವರೇ ಸಂಜೆ ಅವರಿಗೆ ಗಂಜಿ ಬಡಿಸುತ್ತಿದ್ದರಂತೆ. ಚೌಕ ಹಾಯಿಯ ಹಡಗಿನಲ್ಲಿ ಮರ ಕಂಬದಲ್ಲೇ ಇರುತ್ತದೆ, ಡೆಕ್ಕಿನಲ್ಲಿ ನಿಂತೇ ಹಗ್ಗ ಎಳೆದು ಅದನ್ನು ತಿರುಗಿಸುತ್ತಾರೆ. ಹಾಯಿ ಸುತ್ತಲು ಬಿಚ್ಚಲು ಮಾತ್ರ ಜನ ಮೇಲೆ ಹತ್ತಬೇಕು. ಅಡ್ಡಮರದ ಕೆಳಗೆ ಜೋಲುಬಿದ್ದ ಒಂದು ಹಗ್ಗ ಕಾಣುತ್ತದೆ ನೋಡಿ, ಅವರ ಕಾಲಿಗೆ ಅದೇ ನೆಲ.

ಡೆಕ್ಕಿನಲ್ಲಿ ನಿಂತಿರುವ ತರುಣ ನಾವಿಕರನ್ನು ಮಾತಾಡಿಸಿ. ‘ಎಷ್ಟು ವೇಗ ಹೋಗುತ್ತದೆ’ ಎಂಬುದನ್ನು ಅವರು ಬೆಳಗ್ಗಿನಿಂದ ನೂರು ಸಲ ಕೇಳಿ ಬೇಸತ್ತಿರುತ್ತಾರೆ. ಮೊದಲ ಸಲ ಮೇಲೆ ಹತ್ತಿದ್ದು ಯಾವಾಗ, ರಾತ್ರಿ ಪಾಳಿಯಲ್ಲಿ ಏನು ತಿನ್ನುತ್ತೀರಿ ಎಂದು ಕೇಳಿ, ಮುಖ ಅರಳುತ್ತದೆ. ಹಿತ್ತಾಳೆಯ ಮೇಲೆ ಬೆರಳಚ್ಚು ಒತ್ತಬೇಡಿ; ಅದನ್ನು ಅವರೇ ತಿಕ್ಕಬೇಕು. ಗಂಟೆ ಬಾರಿಸಬೇಡಿ, ಇದು ದೇವಸ್ಥಾನವಲ್ಲ.

ಹತ್ತಲು ಅವಕಾಶ ಸಿಗಲಿಲ್ಲವೆಂದು ಮನೆಯಲ್ಲಿ ಕೂರುವವರಿದ್ದಾರೆ. ನನ್ನನ್ನು ಕೇಳಿದರೆ ಹಡಗನ್ನು ಹತ್ತುವುದಕ್ಕಿಂತ ನೀರಿನ ಮೇಲಿಂದ ನೋಡುವುದೇ ಮೇಲು, ಏಕೆಂದರೆ ಬುಡದಲ್ಲಿ ನಿಂತವರಿಗೆ ಅದರ ಆಕಾರವೇ ಕಾಣುವುದಿಲ್ಲ. ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೋಗುವ ದೋಣಿ ಹತ್ತಿ, ಸ್ವಲ್ಪ ಹೆಚ್ಚು ಹಣ ಕೊಟ್ಟು ಮೇಲಂತಸ್ತಿಗೆ ಹೋಗಿ, ಹೋಗುವಾಗ ಎಡಬದಿಯಲ್ಲಿ ಕುಳಿತುಕೊಳ್ಳಿ. ಬಲ್ಲಾರ್ಡ್ ಪಿಯರ್ ಆ ಕಡೆಗೇ ಇದೆ. ಸೋಮವಾರ ಗುಹೆಗಳಿಗೆ ರಜೆ ಎಂಬುದು ನೆನಪಿರಲಿ. ನಮ್ಮ ಬಂದರು ನಗರದ ಪೂರ್ವಕ್ಕಿದೆ. ಬೆಳಗ್ಗೆ ದಡದಿಂದ ನೋಡಿದರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ, ಹಗ್ಗ ಕಂಬಗಳ ಕಪ್ಪು ಗೆರೆಗಳು ಮಾತ್ರ ಸಿಗುತ್ತವೆ. ಬಣ್ಣ ಬೇಕೆಂದರೆ ಮೂರು ಗಂಟೆಯ ಮೇಲೆ ದಡದಲ್ಲಿ ನಿಲ್ಲಿ. ನೀರಿನ ಮೇಲಿಂದ ನೋಡುವವರಿಗೆ ಇದು ತಿರುಗುಮುರುಗು, ಅವರು ಬೆಳಗಿನ ಮೊದಲ ದೋಣಿಯನ್ನೇ ಹಿಡಿಯಬೇಕು.

ಹಡಗು ಹೊರಡುವ ದಿನ ಇನ್ನೂ ಸೊಗಸು. ಸ್ವಾಗತದ ಗದ್ದಲ ಮುಗಿದಿರುತ್ತದೆ, ಕ್ಯಾಮರಾದವರು ಇರುವುದಿಲ್ಲ. ಬಲ್ಲಾರ್ಡ್ ಪಿಯರ್ ಬಿಟ್ಟ ಹಡಗು ದಕ್ಷಿಣಕ್ಕೆ, ಕೊಲಾಬಾದ ತುದಿಯ ಪ್ರಾಂಗ್ಸ್ ದೀಪಸ್ತಂಭದ ಕಡೆಗೆ ಸಾಗುವಾಗ ಗೇಟ್‌ವೇಯ ಮುಂದೆಯೇ ಹಾದುಹೋಗಬೇಕು. ಗೇಟ್‌ವೇಯ ಜಂಗುಳಿಯೊಳಗೆ ನುಗ್ಗದೆ, ತಾಜ್ ಹೋಟೆಲಿನ ಮುಂದಿನ ಕಟ್ಟೆಗುಂಟ ಸ್ವಲ್ಪ ದಕ್ಷಿಣಕ್ಕೆ ನಡೆದು ಜಾಗ ಹಿಡಿಯಿರಿ. ದುರ್ಬೀನು ತನ್ನಿ. ಕೆಲವೊಮ್ಮೆ ನಾವಿಕರು ಅಡ್ಡಮರಗಳ ಮೇಲೆ ಸಾಲಾಗಿ ನಿಂತು ಬಂದರಿಗೆ ವಂದಿಸುತ್ತಾರೆ. ಆಗ ಚಪ್ಪಾಳೆ ತಟ್ಟಲು ನಾಚಿಕೊಳ್ಳಬೇಡಿ, ಕೇಳಿಸದಿದ್ದರೂ ಪರವಾಗಿಲ್ಲ.

ಅಂದಹಾಗೆ, ಹೊರದೇಶದ ಹಡಗನ್ನು ಬೆರಗಿನಿಂದ ನೋಡುತ್ತಿರುವ ಮಕ್ಕಳಿಗೆ ಪಕ್ಕದ ಗೋಡೆಯ ಆಚೆಗಿನ ನೌಕಾ ಗೋದಿಯ ಕಡೆ ಕೈ ತೋರಿಸಿ. ಸೂರತ್‌ನಿಂದ 1736ರಲ್ಲಿ ಬಂದ ಲವ್ಜಿ ನಸರವಾನ್ಜಿ ವಾಡಿಯಾ ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ತೇಗದ ಹಡಗುಗಳನ್ನು ಕಟ್ಟಿದರು. ಯುದ್ಧಗಳಿಂದಾಗಿ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ತತ್ವಾರ ಬಂದಾಗ ಬ್ರಿಟಿಷ್ ನೌಕಾಪಡೆ ಮುಂಬೈಗೇ ಬೇಡಿಕೆ ಇಟ್ಟಿತು. ಚೀನಾವು ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟ 1842ರ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಇಲ್ಲಿ ಕಟ್ಟಿದ ಕಾರ್ನ್‌ವಾಲಿಸ್ ಹಡಗಿನ ಮೇಲೆ. 1817ರಲ್ಲಿ ಇಲ್ಲಿಂದ ನೀರಿಗಿಳಿದ ಟ್ರಿಂಕೋಮಲಿ ಇಂದಿಗೂ ತೇಲುತ್ತಿದೆ, ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ. ನಮ್ಮೂರಿನ ಹಡಗನ್ನು ನೋಡಲು ನಾವು ವೀಸಾ ಮಾಡಿಸಬೇಕು. ಇದು ನನಗೆ ಇಂದಿಗೂ ಜೀರ್ಣವಾಗದ ಸಂಗತಿ.

ಗೋವಾದಲ್ಲಿರುವ ನಮ್ಮವರಿಗೆ, ವಾಸ್ಕೋದ ಝುವಾರಿನಗರ, ಬೈನಾ ಕಡೆಯವರಿಗೆ ವಿಶೇಷವಾಗಿ, ಇಷ್ಟೆಲ್ಲ ಕಷ್ಟವಿಲ್ಲ. ದೊಡ್ಡ ಹಡಗು ಮುರ್ಗಾಂವ್ ಬಂದರಿಗೆ ಬಂದರೆ ಝುವಾರಿಯ ಮುಖದ ಆಚೆ ದಡದಲ್ಲಿರುವ ದೋನಾ ಪಾವ್ಲಾದಿಂದ ಚೆನ್ನಾಗಿ ಕಾಣುತ್ತದೆ. ಪಣಜಿಯಲ್ಲಿದ್ದರೆ ಬೇತಿಂಗೆ ಹೋಗುವ ಫೆರಿ ಹತ್ತಿ, ನಡೆದು ಹತ್ತುವವರಿಗೆ ಹಣವಿಲ್ಲ. ಆಚೆ ದಡದ ವೆರೆಂನಲ್ಲಿರುವ ಐಎನ್‌ಎಸ್ ಮಾಂಡೋವಿ ನೆಲೆಯೇ ನೌಕಾಪಡೆಯ ಸಣ್ಣ ಹಾಯಿನೌಕೆಗಳ ತವರು. 2017ರ ಸೆಪ್ಟೆಂಬರ್‌ನಲ್ಲಿ ಹೊರಟು ಮರುವರ್ಷ ಮೇ ತಿಂಗಳಲ್ಲಿ ಭೂಮಿಯನ್ನು ಸುತ್ತಿ ಬಂದ ಆರು ಹೆಣ್ಣುಮಕ್ಕಳ ತಾರಿಣಿ ಹೊರಟದ್ದು ಗೋವಾದಿಂದ, ಮರಳಿದ್ದೂ ಗೋವಾಕ್ಕೆ.

ಸಮಯವಿದ್ದರೆ ಹಳೆ ಗೋವಾದಿಂದ ದಿವಾಡಿ ದ್ವೀಪಕ್ಕೂ ಹೋಗಿ. ಫೆರಿ ಹೊರಡುವ ಕಟ್ಟೆ ವೈಸರಾಯ್ ಕಮಾನಿನ ಬಳಿಯೇ ಇದೆ; ಲಿಸ್ಬನ್‌ನಿಂದ ಬಂದ ದೊರೆಗಳು ಹಡಗಿನಿಂದಿಳಿದು ನಗರ ಪ್ರವೇಶಿಸುತ್ತಿದ್ದ ಬಾಗಿಲು ಅದು. ದ್ವೀಪದ ಹಡಗುಕಟ್ಟೆಗಳಲ್ಲಿ ನೌಕಾಪಡೆಯ ಹಾಯಿನೌಕೆ ಮ್ಹಾದೆಯಿ ಹುಟ್ಟಿತು. ಅಜಂತಾದ ಚಿತ್ರವೊಂದನ್ನು ಮುಂದಿಟ್ಟುಕೊಂಡು, ಮೊಳೆ ಬಡಿಯದೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಕೌಂಡಿನ್ಯ ಕೂಡ ಅಲ್ಲಿಯದೇ. 2025ರ ಮೇ 21ರಂದು ಕಾರವಾರದಲ್ಲಿ ಅದು ನೌಕಾಪಡೆಗೆ ಸೇರಿತು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ, ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ದಿನವೂ ನೋಡುವ ಅದೇ ಹಕ್ಕಿ. ಕಾರವಾರದ ನೆಲೆಯೊಳಗೆ ಸುಮ್ಮನೆ ಬಿಡುವುದಿಲ್ಲ, ಆದರೆ ಈ ಹಡಗು ಯಾನಗಳಿಗೆ ಹೊರಡುವುದೇ ಜನ ನೋಡಲೆಂದು. ನೌಕಾಪಡೆಯ ಪ್ರಕಟಣೆ ಬಂದ ದಿನವೇ ಮತ್ಸ್ಯಗಂಧಾ ರೈಲಿಗೆ ಟಿಕೆಟ್ ಮಾಡಿಸಿ, ವೇಟಿಂಗ್ ಲಿಸ್ಟ್ ಬೆಳೆಯಲು ಹೆಚ್ಚು ಹೊತ್ತು ಬೇಡ. ದಿವಾಡಿಯ ಹಡಗುಕಟ್ಟೆಗಳು ಮಾತ್ರ ಖಾಸಗಿ ಜಾಗ, ಹೋಗುವ ಮೊದಲು ಫೋನ್ ಮಾಡಿ ಒಪ್ಪಿಗೆ ಪಡೆಯಿರಿ. ಅಲ್ಲಿ ಗರಗಸ ಓಡುತ್ತಿರುತ್ತದೆ, ಮಕ್ಕಳ ಕೈ ಬಿಡಬೇಡಿ.